ಮನೋರೋಗಿಯ ಹಿಂದುಮುಂದನ್ನು ಎಣಿಸಿದ ವೈದ್ಯ ಕ್ರೇಪಲಿನ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಿಂದ ಮಾನಸಿಕ ಅಸ್ವಸ್ಥರನ್ನು ಬೆಳಗಾವಿಗೋ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೋ ಕರೆದೊಯ್ಯುವ ಬಂಧುಗಳಿಗೆ ಅಲ್ಲಿನ ವೈದ್ಯರ ಪ್ರಶ್ನೆಗಳು ವಿಚಿತ್ರವೆನಿಸುವುದುಂಟು. ಮಗ ಮೂರು ವಾರದಿಂದ ಊಟ ಬಿಟ್ಟು, ಮಾತು ಬಿಟ್ಟು ಗೋಡೆಯತ್ತ ಮುಖ ಮಾಡಿ ಮಲಗಿದ್ದಾನೆ ಎಂದು ಹೇಳಲು ಹೋದವರನ್ನು, ಹಿಂದೆಂದಾದರೂ ಈತ ನಿದ್ದೆಯಿಲ್ಲದೆಯೂ ದಣಿಯದೆ ಓಡಾಡಿದ್ದುಂಟೇ, ಕಬ್ಬಿನ ಬಿಲ್ಲಿನ ಹಣವನ್ನು ವಾರದೊಳಗೆ ಕರಗಿಸಿದ್ದುಂಟೇ, ತಾನು ದೊಡ್ಡ ಮನುಷ್ಯನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದುಂಟೇ ಎಂದು ಕೇಳಲಾಗುತ್ತದೆ. ಇಂದಿನ ಕಾಯಿಲೆಗೂ ಎಂದೋ ಮುಗಿದುಹೋದ ಆ ಹುರುಪಿಗೂ ಏನು ಸಂಬಂಧ? ಸಂಬಂಧವಿದೆ ಎಂದು ಸಾಧಿಸಲು ಬದುಕನ್ನೇ ಸವೆಸಿದವರು ಜರ್ಮನಿಯ ಎಮಿಲ್ ಕ್ರೇಪಲಿನ್.

ಕ್ರೇಪಲಿನ್ ಜನಿಸಿದ್ದು 1856ರ ಫೆಬ್ರುವರಿ 15ರಂದು, ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಸಿಗ್ಮಂಡ್ ಫ್ರಾಯ್ಡ್ ಹುಟ್ಟಿದ್ದೂ ಅದೇ ವರ್ಷ. ಜನರ ಬಾಯಲ್ಲಿ ಉಳಿದದ್ದು ಫ್ರಾಯ್ಡ್ ಹೆಸರಾದರೂ, ಇಂದಿನ ಮನೋವೈದ್ಯರ ರೋಗಪಟ್ಟಿಯ ಮೇಲೆ ಕ್ರೇಪಲಿನ್ನರ ಋಣವೇ ಹೆಚ್ಚು. ತಂದೆ ರಂಗನಟ ಹಾಗೂ ಗಾಯಕ, ಕುಡಿತದ ದಾಸ. ಮಗ ಮುಂದೆ ಮದ್ಯವನ್ನು ಸಂಪೂರ್ಣ ತ್ಯಜಿಸಿ ಪಾನವಿರೋಧಿ ಪ್ರಚಾರಕ್ಕೆ ಇಳಿದರು. ಎಂಟು ವರ್ಷ ಹಿರಿಯನಾದ ಅಣ್ಣ ಕಾರ್ಲ್ ಪ್ರಾಣಿಶಾಸ್ತ್ರಜ್ಞ. ಜೀವಿಗಳನ್ನು ವರ್ಗೀಕರಿಸುವ ಶಿಸ್ತನ್ನು ತಮ್ಮ ಮನೆಯಲ್ಲೇ ಕಂಡಿದ್ದ.

ವೈದ್ಯಕೀಯ ಪದವಿಯ ನಂತರ ಅವರು ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್ ಫಾನ್ ಗುಡನ್ ಕೈಕೆಳಗೆ ದುಡಿದರು. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಪ್ರಯೋಗಶಾಲೆಯಲ್ಲಿ ಮನಸ್ಸಿನ ವ್ಯಾಪಾರಗಳನ್ನು ಅಳೆಯುವುದನ್ನು ಕಲಿತರು. 1883ರಲ್ಲಿ ಹಣದ ಅಡಚಣೆಯ ನಡುವೆ ಮನೋವೈದ್ಯಶಾಸ್ತ್ರದ ಚಿಕ್ಕ ಕೈಪಿಡಿಯೊಂದನ್ನು ಬರೆದರು. ಅದನ್ನೇ ತಿದ್ದುತ್ತ, ಹಿಗ್ಗಿಸುತ್ತ ಹೋದದ್ದು ಅವರ ಉಳಿದ ಆಯುಷ್ಯದ ಕಾಯಕವಾಯಿತು.

ಗುರು ಗುಡನ್ ಅವರ ಅಂತ್ಯ ದಾರುಣವಾದುದು. 1886ರ ಜೂನ್‌ನಲ್ಲಿ ಬವೇರಿಯದ ದೊರೆ ಎರಡನೇ ಲುಡ್ವಿಗ್‌ಗೆ ಬುದ್ಧಿಭ್ರಮಣೆಯಾಗಿದೆ ಎಂದು ಗುಡನ್ ಮತ್ತು ಮೂವರು ವೈದ್ಯರು ವರದಿ ನೀಡಿದರು. ಅದಕ್ಕಾಗಿ ಅವರು ದೊರೆಯನ್ನು ಖುದ್ದಾಗಿ ಪರೀಕ್ಷಿಸಿರಲಿಲ್ಲ, ಸೇವಕರು ಮೊದಲಾದವರ ಹೇಳಿಕೆಗಳನ್ನೇ ನಂಬಿದ್ದರು. ದೊರೆ ಪದಚ್ಯುತನಾದ. ಕೆಲವೇ ದಿನಗಳಲ್ಲಿ, ಜೂನ್ 13ರ ಸಂಜೆ ವಾಯುವಿಹಾರಕ್ಕೆ ಹೋದ ದೊರೆ ಮತ್ತು ಗುಡನ್ ಇಬ್ಬರ ಶವವೂ ಸರೋವರದಲ್ಲಿ ಸಿಕ್ಕಿತು.

ಅದೇ ವರ್ಷ ಕ್ರೇಪಲಿನ್ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಡಾರ್ಪಾಟ್‌ಗೆ, ಅಂದರೆ ಇಂದಿನ ಎಸ್ಟೋನಿಯದ ಟಾರ್ಟು ನಗರಕ್ಕೆ, ಪ್ರಾಧ್ಯಾಪಕರಾಗಿ ತೆರಳಿದರು. ಆಗ ಅವರ ವಯಸ್ಸು 30. ಅಲ್ಲಿನ ರೋಗಿಗಳಲ್ಲಿ ಅನೇಕರ ಭಾಷೆ ಎಸ್ಟೋನಿಯನ್. ಪ್ರಾಧ್ಯಾಪಕರಿಗೆ ಅದು ತಿಳಿಯದು. ದುಭಾಷಿಯಿಲ್ಲದೆ ಮಾತೇ ಇಲ್ಲ. ಕನ್ನಡ, ಮರಾಠಿ, ಉರ್ದು ಬೆರೆತ ಹುಕ್ಕೇರಿಯಂಥ ಗಡಿಸೀಮೆಯ ಓದುಗರಿಗೆ ಈ ಪೇಚು ಹೊಸದೇನಲ್ಲ. ರೋಗಿಯ ಮಾತಿನ ಒಳಾರ್ಥ ಕೈಗೆ ಸಿಗದಿದ್ದಾಗ ವೈದ್ಯನಿಗೆ ಉಳಿಯುವುದು ಕಣ್ಣಿಗೆ ಕಾಣುವ ನಡವಳಿಕೆ ಮತ್ತು ಕಾಲ. ಕ್ರೇಪಲಿನ್ನರ ವಿಧಾನ ರೂಪುಗೊಂಡದ್ದರಲ್ಲಿ ಈ ಭಾಷೆಯ ಗೋಡೆಗೂ ಪಾಲಿದೆ ಎಂದು ಭಾವಿಸಿದರೆ ತಪ್ಪಾಗಲಾರದು.

1891ರಲ್ಲಿ ಹೈಡಲ್‌ಬರ್ಗ್‌ಗೆ ಬಂದ ಮೇಲೆ ಆ ವಿಧಾನ ಪಕ್ವವಾಯಿತು. ಪ್ರತಿ ರೋಗಿಗೊಂದು ಚೀಟಿ. ಕಾಯಿಲೆ ಹೇಗೆ ಆರಂಭವಾಯಿತು, ದಾಖಲಾದಾಗ ಯಾವ ರೋಗವೆಂದು ಬರೆಯಲಾಯಿತು, ಆಮೇಲೆ ಏನಾಯಿತು ಎಂಬ ವಿವರಗಳು ಅದರಲ್ಲಿ. ರೋಗಿ ಬಿಡುಗಡೆಯಾದರೂ ಚೀಟಿ ಮುಚ್ಚುತ್ತಿರಲಿಲ್ಲ; ವರ್ಷಗಳ ನಂತರವೂ ಸ್ಥಿತಿ ವಿಚಾರಿಸಿ ದಾಖಲಿಸಲಾಗುತ್ತಿತ್ತು. ರಜೆಗೆ ಹೋಗುವಾಗಲೂ ಅವರು ಚೀಟಿಗಳ ಕಟ್ಟನ್ನು ಒಯ್ದು, ಹರಡಿಕೊಂಡು ಗುಂಪು ಮಾಡುತ್ತಿದ್ದರು.

ಚೀಟಿಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಕೆಲವು ರೋಗಿಗಳು ವರ್ಷ ಕಳೆದಂತೆ ಕುಗ್ಗುತ್ತ, ಮೊದಲಿನಂತಾಗದೆ ಉಳಿಯುತ್ತಿದ್ದರು. ಇನ್ನು ಕೆಲವರು ಎಷ್ಟೇ ಕೆರಳಿದ್ದರೂ, ಎಷ್ಟೇ ಕುಸಿದಿದ್ದರೂ ಮತ್ತೆ ಚೇತರಿಸಿಕೊಂಡು ಮನೆಗೆ ಮರಳಿ, ಕೆಲವು ವರ್ಷಗಳ ಮೇಲೆ ಪುನಃ ಬೀಳುತ್ತಿದ್ದರು. ಒಮ್ಮೆ ಉನ್ಮಾದ, ಇನ್ನೊಮ್ಮೆ ಖಿನ್ನತೆ. ಫ್ರಾನ್ಸಿನ ಫಾಲ್ರೆ 1850ರ ದಶಕದಲ್ಲೇ ಈ ಚಕ್ರವನ್ನು ಗುರುತಿಸಿದ್ದರು. ಕ್ರೇಪಲಿನ್ ಅದನ್ನು ಇನ್ನೂ ವಿಸ್ತರಿಸಿ, 1899ರ ತಮ್ಮ ಗ್ರಂಥದ ಆರನೇ ಆವೃತ್ತಿಯಲ್ಲಿ ಅದೆಲ್ಲವನ್ನೂ ಒಂದೇ ಹೆಸರಿನಡಿ ತಂದರು: ಉನ್ಮಾದ-ಖಿನ್ನತೆಯ ಕಾಯಿಲೆ. ಕುಗ್ಗುತ್ತ ಹೋಗುವ ಗುಂಪಿಗೆ ಇಂದು ಸ್ಕಿಜೋಫ್ರೇನಿಯಾ ಎಂಬ ಹೆಸರಿದೆ. ಉನ್ಮಾದ-ಖಿನ್ನತೆಯಿಂದ ಬರಿಯ ಖಿನ್ನತೆಯನ್ನು ನಂತರದವರು ಬೇರ್ಪಡಿಸಿದರು. ಎರಡೂ ತುದಿ ಕಾಣುವ ರೋಗಕ್ಕೆ 1980ರಿಂದ ಬೈಪೋಲಾರ್ ಎಂಬ ಅಧಿಕೃತ ಹೆಸರು ಚಾಲ್ತಿಗೆ ಬಂತು.

ಇಂದಿಗೂ ಬೈಪೋಲಾರ್ ಪತ್ತೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಥೈರಾಯ್ಡ್ ತೊಂದರೆ, ಮದ್ಯ, ಕೆಲವು ಔಷಧಿಗಳು ಇದೇ ಲಕ್ಷಣ ತೋರಬಲ್ಲವಾದ್ದರಿಂದ ಅವನ್ನು ಮೊದಲು ತಳ್ಳಿಹಾಕಬೇಕು. ಉಳಿದದ್ದು ಚರಿತ್ರೆ. ಒಂದು ವಾರವಾದರೂ ನಡೆದ ಉನ್ಮಾದ, ಕಡಿಮೆ ತೀವ್ರತೆಯದಾದರೆ 4 ದಿನದ ಹುರುಪು, ಎರಡು ವಾರದ ಖಿನ್ನತೆ ಎಂಬ ಲೆಕ್ಕ ಈಗಿನ ಕೈಪಿಡಿಗಳಲ್ಲಿದೆ. ಹುರುಪಿನ ದಿನಗಳನ್ನು ರೋಗಿ ಕಾಯಿಲೆಯೆಂದು ಎಣಿಸುವುದೇ ಇಲ್ಲ. ಮನೆಯವರು ದೇವರು ಮೈಮೇಲೆ ಬಂದಿತ್ತೆಂದೋ, ಆಗ ಚೆನ್ನಾಗಿಯೇ ಇದ್ದನೆಂದೋ ಮರೆತಿರುತ್ತಾರೆ. ಆ ಮಾತು ಹೊರಬೀಳದಿದ್ದರೆ ಬರಿಯ ಖಿನ್ನತೆಯ ಗುಳಿಗೆ ದೊರೆತು, ಅದರಿಂದಲೇ ಕೆಲವರಲ್ಲಿ ಉನ್ಮಾದ ಕೆರಳುವ ಅಪಾಯವಿದೆ.

1903ರಲ್ಲಿ ಕ್ರೇಪಲಿನ್ ಮ್ಯೂನಿಕ್‌ಗೆ ಮರಳಿದರು. ಮರುವರ್ಷ ಜಾವಾ ದ್ವೀಪದ ಮಾನಸಿಕ ಆಸ್ಪತ್ರೆಗೆ ಹೋಗಿ ನೋಡಿದಾಗ ಅವೇ ರೋಗಗಳು ಕಂಡವು. ಆದರೆ ಖಿನ್ನತೆ ಸೌಮ್ಯ, ಪಾಪಪ್ರಜ್ಞೆಯ ಮಾತು ಇಲ್ಲವೆನ್ನುವಷ್ಟು ವಿರಳ. ಸಹೋದ್ಯೋಗಿ ಆಲ್ಜೈಮರ್ ವಿವರಿಸಿದ ಮರೆವಿನ ರೋಗಕ್ಕೆ 1910ರಲ್ಲಿ ಆತನದೇ ಹೆಸರಿಟ್ಟವರೂ ಇವರೇ. 1917ರಲ್ಲಿ ಮ್ಯೂನಿಕ್‌ನಲ್ಲಿ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಅದಕ್ಕೆ ದೊಡ್ಡ ಮೊತ್ತ ಕೊಟ್ಟವರು ಯಹೂದಿ ಮನೆತನದ ಅಮೆರಿಕನ್ ಶ್ರೀಮಂತ ಜೇಮ್ಸ್ ಲೋಬ್. ಸ್ವತಃ ಖಿನ್ನತೆಯಿಂದ ಬಳಲಿ ಕ್ರೇಪಲಿನ್ನರ ಚಿಕಿತ್ಸೆ ಪಡೆದವರು.

ಆ ಸಂಸ್ಥೆಯ ಕಥೆಯ ಕರಾಳ ಭಾಗವನ್ನು ಮುಚ್ಚಿಡುವಂತಿಲ್ಲ. ಕ್ರೇಪಲಿನ್ ಉಗ್ರ ರಾಷ್ಟ್ರವಾದಿ. ಮನೋರೋಗ ವಂಶದ ಅವನತಿಯ ಗುರುತೆಂಬ ನಂಬಿಕೆ ಅವರಿಗಿತ್ತು. ಅವರ ಶಿಷ್ಯ ಎರ್ನ್ಸ್ಟ್ ರೂಡಿನ್ ಮುಂದೆ ನಾಜಿಗಳ ಕೈಗೂಡಿಸಿದ. 1933ರ ಬಲವಂತದ ಸಂತಾನಹರಣ ಕಾನೂನಿನ ಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯ ಕಾಯಿಲೆಯೂ ಸೇರಿತು. ರೋಗಿಯನ್ನು ತಿಳಿಯಲೆಂದು ಕೊಟ್ಟ ಹೆಸರು ರೋಗಿಯ ಮೇಲೆಯೇ ಆಯುಧವಾಯಿತು.

ತಾವೇ ಎಳೆದ ಗೆರೆಯ ಬಗ್ಗೆ ಕ್ರೇಪಲಿನ್ನರಿಗೆ ಕೊನೆಗಾಲದಲ್ಲಿ ಅನುಮಾನ ಮೂಡಿತ್ತು. 1920ರ ಲೇಖನವೊಂದರಲ್ಲಿ, ಎರಡು ರೋಗಗಳನ್ನು ಎಲ್ಲ ರೋಗಿಗಳಲ್ಲೂ ಸ್ಪಷ್ಟವಾಗಿ ಬೇರ್ಪಡಿಸಲು ಆಗುತ್ತಿಲ್ಲವೆಂದು ಅವರು ಒಪ್ಪಿಕೊಂಡರು. ತಿದ್ದುವುದು ಮಾತ್ರ ನಿಲ್ಲಲಿಲ್ಲ. 1926ರ ಅಕ್ಟೋಬರ್ 7ರಂದು ಮ್ಯೂನಿಕ್‌ನಲ್ಲಿ ಅವರು ನಿಧನರಾದಾಗ ಗ್ರಂಥದ ಒಂಬತ್ತನೇ ಆವೃತ್ತಿ ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದದ್ದು 1927ರಲ್ಲಿ. ಅವರ ಸಮಾಧಿ ಇರುವುದು, ಚೀಟಿಗಳ ಕೆಲಸ ಪಕ್ವವಾದ ಹೈಡಲ್‌ಬರ್ಗ್‌ನಲ್ಲಿ.