ಪಂಡಿತಾ ರಮಾಬಾಯಿಯವರ ಏಕಾಂತ ಪ್ರಾರ್ಥನೆ

ಪಂಡಿತಾ ರಮಾಬಾಯಿಯವರು ಸಂಸ್ಕೃತ ವಿದುಷಿಯೆಂದೂ, ವಿಧವೆಯರಿಗೆ ಆಶ್ರಯವಿತ್ತ ತಾಯಿಯೆಂದೂ, ಮರಾಠೀ ಸತ್ಯವೇದದ ಭಾಷಾಂತರಕರ್ತೆಯೆಂದೂ ಪ್ರಸಿದ್ಧರಾಗಿದ್ದಾರೆ. ಈ ಕಾರ್ಯಗಳೆಲ್ಲವೂ ಲೋಕದ ಕಣ್ಣಿಗೆ ಬಿದ್ದವು. ಇವುಗಳಿಗೆ ಬೇರಿನಂತಿದ್ದ ಅವರ ಏಕಾಂತ ಪ್ರಾರ್ಥನೆಯಾದರೋ ಬಹುಕಾಲ ಮರೆಯಲ್ಲಿಯೇ ಇತ್ತು. ಅದು ಹೊರಗಿನವರ ಕಣ್ಣಿಗೆ ಬಿದ್ದಾಗ ದೊಡ್ಡ ಕೋಲಾಹಲವೇ ಎದ್ದಿತು. ಆ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ರಮಾಬಾಯಿಯವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿಯೇ. ತುಂಗಾ, ಭದ್ರಾ, ನೇತ್ರಾವತೀ ನದಿಗಳು ಉದ್ಭವಿಸುವ ಗಂಗಾಮೂಲದ ದಟ್ಟವಾದ ಕಾಡಿನಲ್ಲಿ 1858ನೆಯ ಏಪ್ರಿಲ್ 23ರಂದು ಅವರ ಜನನವಾಯಿತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯ ಪಂಡಿತರ ಸಭೆಯಲ್ಲಿ ಉತ್ತರ ಹೇಳಬೇಕಾಯಿತು. ಸ್ತ್ರೀಯರಿಗೆ ವಿದ್ಯೆಯು ನಿಷಿದ್ಧವಲ್ಲವೆಂದು ಅವರು ಗ್ರಂಥಾಧಾರದಿಂದಲೇ ವಾದಿಸಿದರು. ತಾಯಿ ಲಕ್ಷ್ಮೀಬಾಯಿಯವರಿಗೆ ಹಗಲೆಲ್ಲ ಮನೆಗೆಲಸ. ಆದುದರಿಂದ ಅವರು ಸೂರ್ಯೋದಯಕ್ಕೆ ಮುಂಚೆಯೇ ಮಗಳನ್ನು ಮುದ್ದಿಸಿ ಎಬ್ಬಿಸಿ, ಹಕ್ಕಿಗಳು ಕೂಗತೊಡಗುವ ಹೊತ್ತಿಗೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಸುಕಿನಲ್ಲಿ ಎದ್ದು ದೇವರ ಮುಂದೆ ಕುಳಿತುಕೊಳ್ಳುವ ಅಭ್ಯಾಸಕ್ಕೆ ಅಸ್ತಿಭಾರವನ್ನು ಹಾಕಿದವರು ಕ್ರಿಸ್ತನ ಹೆಸರನ್ನೇ ಅರಿಯದ ಈ ತಾಯಿ ಎಂದು ನಾನು ಭಾವಿಸುತ್ತೇನೆ. ನಮ್ಮ ಬೋರ್ಡಿಂಗಿನಲ್ಲಿದ್ದು ಬೆಳಗಿನ ಗಂಟೆಯನ್ನು ಶಪಿಸಿದವರು ಇದನ್ನು ಓದಿ ನಗಬಹುದು.

ಬಳಿಕ ಬಂದದ್ದು ಕಷ್ಟಕಾಲ. ಆಸ್ತಿಯು ಕರಗಿಹೋಯಿತು. ಕುಟುಂಬವು ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ವ್ರತಗಳನ್ನು ಹಿಡಿದರು, ಉಪವಾಸವಿದ್ದರು, ಇದ್ದ ಹಣವನ್ನು ದಾನಧರ್ಮಗಳಿಗೆ ವೆಚ್ಚ ಮಾಡಿದರು; ಕಾಡಿನಲ್ಲಿ ಸೊಪ್ಪು ತಿಂದು ದಿನ ಕಳೆಯುವ ಸ್ಥಿತಿಗೆ ಬಂದರು. ವೃದ್ಧರೂ ಕುರುಡರೂ ಆಗಿದ್ದ ತಂದೆಯು ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣಬಿಡಲು ಸಿದ್ಧರಾದಾಗ ಮಗ ಶ್ರೀನಿವಾಸನು ಕೂಲಿಮಾಡಿಯಾದರೂ ಸಾಕುವೆನೆಂದು ಹೇಳಿ ತಡೆದನು. ಆದರೂ 1874ರಲ್ಲಿ ತಂದೆತಾಯಿಗಳಿಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು, ಅಕ್ಕನೂ ಉಳಿಯಲಿಲ್ಲ. ಮನಮುಟ್ಟಿ ಬೇಡಿಕೊಂಡರೂ ಆಕಾಶವು ಮೌನವಾಗಿರುವುದೆಂದರೇನೆಂಬುದನ್ನು ರಮಾಬಾಯಿಯವರು ಹದಿನಾರನೆಯ ವಯಸ್ಸಿನಲ್ಲಿಯೇ ಅರಿತರು. ಅವರ ಪ್ರಾರ್ಥನಾಜೀವನವನ್ನು ಕುರಿತು ಬರೆಯುವವರು ಇದನ್ನು ಹಾರಿಸಿಬಿಡುವುದು ಸರಿಯಲ್ಲ.

ಅಣ್ಣತಂಗಿಯರು ಬಹುಮಟ್ಟಿಗೆ ಕಾಲ್ನಡಿಗೆಯಿಂದಲೇ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅಣ್ಣನ ಮರಣ, ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹ, ಮಗಳು ಮನೋರಮೆಯ ಜನನ, ಗಂಡನ ಮರಣ ಇವೆಲ್ಲವೂ 1880ರಿಂದ 1882ರ ಒಳಗೆ ನಡೆದುಹೋದವು. ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು.

ದೀಕ್ಷಾಸ್ನಾನವಾಯಿತು, ಮನಶ್ಶಾಂತಿಯು ದೊರೆಯಿತು ಎಂದು ಕಥೆಯನ್ನು ಮುಗಿಸುವಂತಿಲ್ಲ. ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದೇವೆಯೇ ಹೊರತು ಕ್ರಿಸ್ತನನ್ನು ಕಂಡುಕೊಂಡಿಲ್ಲವೆಂದು ಅವರಿಗೆ ತೋರಿದ್ದು ಎಂಟು ವರ್ಷಗಳಾದ ಮೇಲೆ. ಪಾದ್ರಿಯಾಗಿದ್ದೂ ಬಹುಕಾಲ ಹೃದಯಪರಿವರ್ತನೆಯಿಲ್ಲದೆ ಇದ್ದ ವಿಲಿಯಂ ಹ್ಯಾಸ್ಲಂ ಎಂಬವರ ಆತ್ಮಚರಿತ್ರೆಯನ್ನು ಓದಿ ಅವರ ಮನಸ್ಸು ಕಲಕಿತು. ಅಂದಿನಿಂದ ಅವರ ಪ್ರಾರ್ಥನೆಯು ತಂದೆಯ ಮುಂದೆ ಮಗಳು ಹೃದಯವನ್ನು ಬಿಚ್ಚಿ ಹೇಳಿಕೊಳ್ಳುವ ಮಾತಾಯಿತು.

ಇಷ್ಟರೊಳಗೆ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟು, ಮರುವರ್ಷ ಪುಣೆಗೆ ವರ್ಗವಾಗಿತ್ತು. ಬಾಲವಿಧವೆಯರಿಗೆ ವಿದ್ಯೆ ಕೊಡುವುದು ಅದರ ಉದ್ದೇಶ. ಮತಬೋಧನೆಯು ಕೂಡದೆಂಬುದು ಕಟ್ಟಳೆ. ಹುಡುಗಿಯರಿಗೆ ತಮ್ಮ ತಮ್ಮ ಆಚಾರಗಳನ್ನು ನಡೆಸಲು ಪೂರ್ಣ ಸ್ವಾತಂತ್ರ್ಯವಿತ್ತು. ರಾನಡೆ, ಭಂಡಾರ್ಕರ್ ಮೊದಲಾದ ಮಹನೀಯರು ಸಲಹಾಮಂಡಲಿಯಲ್ಲಿದ್ದರು. ರಮಾಬಾಯಿಯವರಾದರೋ ಪ್ರತಿದಿನ ಬೆಳಿಗ್ಗೆ ತಮ್ಮ ಸ್ವಂತ ಕೋಣೆಯಲ್ಲಿ ಮಗಳನ್ನು ಕೂಡಿಸಿಕೊಂಡು ಸತ್ಯವೇದವನ್ನೋದಿ ಪ್ರಾರ್ಥಿಸುತ್ತಿದ್ದರು. ಯಾರನ್ನೂ ಕರೆಯುತ್ತಿರಲಿಲ್ಲ, ಕೋಣೆಯ ಬಾಗಿಲನ್ನು ಮಾತ್ರ ಮುಚ್ಚುತ್ತಿರಲಿಲ್ಲ. ತಾಯಿಯ ಬಳಿಗೆ ಮಕ್ಕಳು ಯಾವಾಗ ಬೇಕಾದರೂ ಬರಬಹುದೆಂಬುದು ಆ ಮನೆಯ ರೀತಿಯಾಗಿತ್ತು. ಕೆಲವು ಹುಡುಗಿಯರು ಮೆಲ್ಲನೆ ಬಂದು ಹೊಸ್ತಿಲ ಬಳಿ ಕುಳಿತರು. ಕ್ರಮೇಣ ಒಳಗೆ ಬಂದರು. ಸುದ್ದಿಯು ಊರಿಗೆ ಹಬ್ಬಿತು, ಪತ್ರಿಕೆಗಳು ಕೆರಳಿದವು. ಬಾಗಿಲನ್ನು ಮುಚ್ಚಿಕೊಂಡಿದ್ದರೆ ವಿವಾದವೇ ಇರುತ್ತಿರಲಿಲ್ಲ. ಅವರು ಒಪ್ಪಲಿಲ್ಲ. 1893ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿ ಕರೆದುಕೊಂಡು ಹೋದರು.

ಬಾಗಿಲನ್ನು ಮುಚ್ಚಿ ಗುಪ್ತವಾಗಿ ಪ್ರಾರ್ಥಿಸಬೇಕೆಂದು ನಮ್ಮ ಕರ್ತನು ಪರ್ವತಪ್ರಸಂಗದಲ್ಲಿ ಬೋಧಿಸಿದ್ದಾನಲ್ಲವೇ, ಪಂಡಿತೆಯವರು ಆ ಮಾತನ್ನು ಮೀರಿದರೇ ಎಂದು ಮೇಲಿನ ತರಗತಿಯ ಹುಡುಗಿಯರು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಆ ಬೋಧನೆಯು ಜನರು ನೋಡಲೆಂದು ಪ್ರಾರ್ಥಿಸುವವರಿಗೆ ಹೇಳಿದ್ದು. ರಮಾಬಾಯಿಯವರಿಗಾದರೋ ಬಾಗಿಲನ್ನು ತೆರೆದಿಟ್ಟುದರಿಂದ ಹೊಗಳಿಕೆ ಬರಲಿಲ್ಲ, ಶಾಲೆಯೇ ಅರ್ಧ ಬರಿದಾಯಿತು. ಭಯದಿಂದ ಮುಚ್ಚಿದ ಬಾಗಿಲು ಏಕಾಂತದ ಬಾಗಿಲಲ್ಲವೆಂದು ಅವರು ಎಣಿಸಿದರೆಂದು ತೋರುತ್ತದೆ. ಆದರೂ ಮಕ್ಕಳನ್ನು ನಂಬಿ ಒಪ್ಪಿಸಿದ್ದ ಆ ಪೋಷಕರ ಕಳವಳವೂ ನಿಜವಾದದ್ದೇ. ಅನ್ಯಮತಗಳ ಮಕ್ಕಳನ್ನು ಸಾಕುವ ಜವಾಬ್ದಾರಿಯನ್ನು ಹೊತ್ತ ನಾವು ಅವರನ್ನು ಹಗುರವಾಗಿ ದೂಷಿಸಲಾಗದು.

1895ರ ಏಪ್ರಿಲ್‌ನಲ್ಲಿ ಲೋಣಾವಳಾದ ಕ್ರೈಸ್ತ ಶಿಬಿರಕ್ಕೆ ರಮಾಬಾಯಿಯವರು ಕ್ರಿಸ್ತನನ್ನು ನಂಬಿದ್ದ ಹದಿನೈದು ಮಂದಿ ಹುಡುಗಿಯರೊಡನೆ ಹೋಗಿದ್ದರು. ಒಂದು ಮುಂಜಾನೆ ಒಬ್ಬರೇ ಕಾಡಿನೊಳಗೆ ಹೋಗಿ ಸ್ತೋತ್ರಮಾಡುತ್ತಿರುವಾಗ, ಈ ಹದಿನೈದನ್ನು ಹದಿನೈದರಿಂದ ಗುಣಿಸಿ 225 ಮಂದಿಯನ್ನು ಅನುಗ್ರಹಿಸೆಂದು ಬೇಡಿಕೊಳ್ಳಬೇಕೆನಿಸಿತು. ಆಗ ಸದನದಲ್ಲಿ ಐವತ್ತು ಮಂದಿಗೂ ಸ್ಥಳವು ಸಾಲದು! ಲೆಕ್ಕಹಾಕಿ ಬೇಡುವ ಪ್ರಾರ್ಥನೆಯು ನನ್ನ ಮನಸ್ಸಿಗೆ ಅಷ್ಟಾಗಿ ಒಗ್ಗುವುದಿಲ್ಲ; ಆದರೆ ಉತ್ತರವು ಬಂದ ರೀತಿಯು ಗಮನಾರ್ಹವಾದದ್ದು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಕ್ಷಾಮವು ತಲೆದೋರಿತು. ಹಸಿವಿನ ಬಾಧೆಯನ್ನು ತಾವೇ ಉಂಡಿದ್ದ ರಮಾಬಾಯಿಯವರು ಅಲ್ಲಿಗೆ ಧಾವಿಸಿದರು. ಎಲುಬುಗೂಡಾಗಿದ್ದ, ಹುಣ್ಣು ಹೇನುಗಳಿಂದ ತುಂಬಿದ್ದ, ಬೈಗುಳವಲ್ಲದೆ ಬೇರೆ ಮಾತನ್ನರಿಯದ ಹುಡುಗಿಯರನ್ನು ಕರೆತಂದರು. ಸಂಖ್ಯೆಯು ಮುನ್ನೂರನ್ನು ಮೀರಿತು. ಪುಣೆಯಲ್ಲಿ ಪ್ಲೇಗು ಹರಡಿದ್ದುದರಿಂದ ಅವರನ್ನು ನಗರದಲ್ಲಿರಿಸಲು ಅಧಿಕಾರಿಗಳು ಬಿಡಲಿಲ್ಲ. ಕೇಡಗಾಂವಿಯ ಹೊಲದಲ್ಲಿ ಡೇರೆಗಳನ್ನು ಹಾಕಿಸಬೇಕಾಯಿತು. ಮುಕ್ತಿ ಸದನವು ಹುಟ್ಟಿದ್ದು ಹೀಗೆ. ಬೇಡಿದ್ದು ದೊರೆಯಿತು, ದೊರೆತದ್ದನ್ನು ತೊಳೆದು, ಬಾಚಿ, ಉಣಿಸಿ, ಓದಿಸಬೇಕಾಗಿತ್ತು.

ಬ್ರಿಸ್ಟಲಿನ ಅನಾಥಾಲಯಗಳ ಜಾರ್ಜ್ ಮುಲ್ಲರ್, ಚೀನಾ ದೇಶದ ಒಳನಾಡಿನ ಮಿಷನ್, ದ್ವೀಪಗಳಲ್ಲಿ ಸುವಾರ್ತೆ ಸಾರಿದ ಜಾನ್ ಪೇಟನ್ ಇವರ ವೃತ್ತಾಂತಗಳನ್ನು ಓದಿದ್ದ ಅವರು, ನಮ್ಮ ದೇಶದಲ್ಲಿಯೂ ದೇವರನ್ನೇ ನೆಚ್ಚಿ ಸಂಸ್ಥೆಯನ್ನು ನಡೆಸಲಾಗದೇ ಎಂದು ಕೇಳಿಕೊಂಡರು. 1900ರ ಸುಮಾರಿಗೆ, ಗುಜರಾತಿನ ಕ್ಷಾಮದ ತರುವಾಯ, ಮುಕ್ತಿಯಲ್ಲಿ ಹೆಚ್ಚುಕಡಿಮೆ ಎರಡು ಸಾವಿರ ಮಂದಿ ಇದ್ದರು. ಅಷ್ಟು ಜನರಿಗೆ ನೀರೊದಗಿಸುವುದೇ ದಿನದಿನದ ಚಿಂತೆ. ಬೇಡಿಕೊಂಡು ಸುಮ್ಮನೆ ಕುಳಿತುಕೊಳ್ಳುವ ಸ್ವಭಾವವು ಅವರದಲ್ಲ: ಬಾವಿಗಳನ್ನು ತೋಡಿಸಿದರು; ನೇಯ್ಗೆ, ಹೈನು, ಎಣ್ಣೆಗಾಣ, ಅಚ್ಚುಕೂಟಗಳನ್ನು ಹುಡುಗಿಯರಿಂದಲೇ ನಡೆಸಿದರು.

1905ರಲ್ಲಿ ಮುಕ್ತಿಯಲ್ಲಿ ಉಂಟಾದ ಆತ್ಮೋಜ್ಜೀವನವನ್ನು ಕುರಿತು ಅನೇಕರು ಬರೆದಿದ್ದಾರೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಸುಮಾರು ಎಪ್ಪತ್ತು ಮಂದಿ ಸ್ವೇಚ್ಛೆಯಿಂದ ಪ್ರತಿದಿನವೂ ಕೂಡಿ ಪ್ರಾರ್ಥಿಸತೊಡಗಿದ್ದರೆಂಬುದನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಆ ದಿನಗಳ ಗದ್ದಲಕ್ಕಿಂತ ಅದರ ಬಳಿಕ ಬಂದ ನಿಶ್ಶಬ್ದ ವರ್ಷಗಳೇ ನನಗೆ ಹೆಚ್ಚಾಗಿ ಹಿಡಿಸುತ್ತವೆ. ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ವರ್ಷಾನುವರ್ಷ ಮೇಜಿನ ಮುಂದೆ ಕುಳಿತರು. ಕಿವಿಯು ಇನ್ನೂ ಮಂದವಾಗಿತ್ತು. ಪ್ರಾರ್ಥನೆಗೂ ಭಾಷಾಂತರಕ್ಕೂ ನಡುವೆ ಗೆರೆಯೆಳೆಯುವುದು ಕಷ್ಟವಾಗಿತ್ತು.

ಮನೋರಮೆಯೇ ತಾಯಿಯ ಬಲಗೈ. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಕಲಬುರ್ಗಿಯಲ್ಲಿ ಕ್ರೈಸ್ತ ಹೈಸ್ಕೂಲು ಸ್ಥಾಪಿತವಾದದ್ದು ಆಕೆಯ ಶ್ರಮದಿಂದ. ಮುಂದೆ ಮುಕ್ತಿಯನ್ನು ಆಕೆಯೇ ನಡೆಸುವಳೆಂದು ಎಲ್ಲರೂ ನೆಚ್ಚಿದ್ದರು. 1921ರ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ಆಕೆಯು ತೀರಿಕೊಂಡಳು. ಪುಣೆಯ ಕೋಣೆಯಲ್ಲಿ ತಾಯಿಯ ಪಕ್ಕದಲ್ಲಿ ಮೊಣಕಾಲೂರಿದ್ದ ಮಗು ಇವಳೇ. ಹದಿನಾರನೆಯ ವಯಸ್ಸಿನಲ್ಲಿ ಕಂಡ ಮೌನವನ್ನು ರಮಾಬಾಯಿಯವರು ಅರುವತ್ತಮೂರನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಕಂಡರು. ಈ ಸಲ ಅವರು ದೇವರನ್ನು ಬಿಟ್ಟು ಬೇರೆಲ್ಲಿಯೂ ಅಲೆಯಲಿಲ್ಲ. ಅಚ್ಚಿನ ಕರಡುಗಳ ಮುಂದೆ ಮತ್ತೆ ಕುಳಿತುಕೊಂಡರು. ತಿದ್ದುವ ಕೆಲಸವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ದೈವಾಧೀನರಾದರು. ಅವರ ಸತ್ಯವೇದವು ಸಂಪೂರ್ಣವಾಗಿ ಅಚ್ಚಾಗಿ ಹೊರಬಿದ್ದದ್ದು ಅವರು ಕಾಲವಾದ ಮೇಲೆ, ಮುಕ್ತಿಯ ಹೆಣ್ಣುಮಕ್ಕಳು ಅಕ್ಷರ ಜೋಡಿಸಿದ ಅಲ್ಲಿಯ ಅಚ್ಚುಕೂಟದಿಂದಲೇ.