ಗಂಟೆ ಬಾರಿಸಿ ನೊಬೆಲ್ ಗೆದ್ದರಾ ಪಾವ್ಲೊವ್? ನಿಮ್ಮ ನಾಯಿಗೆ ‘ಕೂತ್ಕೋ’ ಕಲಿಸುವ ಮುನ್ನ ಇದನ್ನು ಓದಿ

ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ಜೊಲ್ಲು ಸುರಿಸಿದ್ದಕ್ಕೆ ನೊಬೆಲ್ ಪಡೆದ ವಿಜ್ಞಾನಿ. ಇವಾನ್ ಪಾವ್ಲೊವ್ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಇಷ್ಟೇ. ಇದರಲ್ಲಿ ನಿಜವೆಷ್ಟು? ಅದು ತಿಳಿದರೆ ನಮ್ಮ ಮನೆಯ ನಾಯಿಗೆ ಪಾಠ ಕಲಿಸುವುದೂ ಸುಲಭ, ಅದರ ಬೆನ್ನಿಗೆ ಬೀಳುವ ಪೆಟ್ಟೂ ತಪ್ಪುತ್ತದೆ. ಹಾಗಾಗಿ ಅವರ ಬದುಕನ್ನು ಚುಟುಕಾಗಿ ನೋಡೋಣ.

ಪಾದ್ರಿಯಾಗಬೇಕಿದ್ದ ಹುಡುಗ

ಪಾವ್ಲೊವ್ ಹುಟ್ಟಿದ್ದು 1849ರಲ್ಲಿ, ರಷ್ಯಾದ ರಿಯಾಜಾನ್ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನೂ ಅದೇ ದಾರಿ ಹಿಡಿಯಲೆಂದು ಧರ್ಮಶಾಲೆಗೆ ಸೇರಿಸಿದ್ದರು. ಆದರೆ ವಿಜ್ಞಾನದ ಪುಸ್ತಕಗಳ ರುಚಿ ಹತ್ತಿದ ಹುಡುಗ 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದ. ಮುಂದೆ ವೈದ್ಯಕೀಯ ಓದಿದರೂ ಪಾವ್ಲೊವ್ ಮನಸ್ಸು ನೆಟ್ಟಿದ್ದು ಪ್ರಯೋಗಾಲಯದಲ್ಲಿ. 1881ರಲ್ಲಿ ಮದುವೆಯಾದ ಮೇಲೆ ಹಲವು ವರ್ಷ ಕೈಯಲ್ಲಿ ಕಾಸಿಲ್ಲದ ಸಂಸಾರ. 1890ರ ದಶಕದಲ್ಲಿ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯ ಪ್ರಯೋಗಾಲಯ ಸಿಕ್ಕ ಮೇಲಷ್ಟೇ ಅವರ ಕೆಲಸ ಕುದುರಿತು.

ನೊಬೆಲ್ ಬಂದದ್ದು ಯಾವುದಕ್ಕೆ?

ಜೊಲ್ಲಿಗೂ ಅಲ್ಲ, ಗಂಟೆಗೂ ಅಲ್ಲ. 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಜೀರ್ಣರಸ ಹೊರಗೆ ಬರುವಂತೆ ದಾರಿ ಮಾಡಿ, ಯಾವ ಆಹಾರಕ್ಕೆ ಎಷ್ಟು ರಸ ಸ್ರವಿಸುತ್ತದೆ ಎಂದು ಅವರು ಅಳೆಯುತ್ತಿದ್ದರು. ಹೀಗೆ ಸಿಕ್ಕ ರಸವನ್ನು ಅಜೀರ್ಣಕ್ಕೆ ಔಷಧಿಯೆಂದು ಮಾರಿದ್ದೂ ಉಂಟು!

ಈ ಕೆಲಸದ ನಡುವೆಯೇ ಒಂದು ತೊಡಕು ಎದುರಾಯಿತು. ಊಟ ಬಾಯಿಗೆ ಬೀಳುವ ಮೊದಲೇ, ಊಟ ಹಾಕುವವರನ್ನು ಕಂಡರೆ ಸಾಕು, ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಪ್ರಯೋಗ ಕೆಟ್ಟಿತು ಎಂದು ಪಾವ್ಲೊವ್ ಕೈಬಿಡಲಿಲ್ಲ. ಅದನ್ನೇ ಬೆನ್ನಟ್ಟಿ ಉಳಿದ ಬದುಕನ್ನೆಲ್ಲ ಕಳೆದರು. ಬಳಸಿದ್ದು ಗಂಟೆ ಒಂದನ್ನೇ ಅಲ್ಲ. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್, ಬಜರ್, ಬೆಳಕು, ಚರ್ಮಕ್ಕೆ ಸ್ಪರ್ಶ ಎಲ್ಲವನ್ನೂ ಬಳಸಿದರು. ಸಂಕೇತದ ಬೆನ್ನಿಗೇ ಊಟ ಕೊಟ್ಟರೆ ನಾಯಿ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಊಟವಿಲ್ಲದೆ ಬರೀ ಸಂಕೇತವನ್ನೇ ಮತ್ತೆ ಮತ್ತೆ ಕೊಟ್ಟರೆ ಆ ಜೋಡಣೆ ಸಡಿಲವಾಗುತ್ತದೆ.

ಪ್ರವಾಹ ಕಲಿಸಿದ ಪಾಠ

ಅವರ ಪ್ರಯೋಗಾಲಯದ ಒಂದು ನಾಯಿಗೆ ವೃತ್ತ ಕಂಡರೆ ಊಟ, ದೀರ್ಘವೃತ್ತ ಕಂಡರೆ ಇಲ್ಲ ಎಂದು ಕಲಿಸಲಾಗಿತ್ತು. ದೀರ್ಘವೃತ್ತವನ್ನು ದಿನೇದಿನೇ ದುಂಡಗೆ ಮಾಡುತ್ತಾ ಹೋದಾಗ ನಾಯಿಗೆ ವ್ಯತ್ಯಾಸವೇ ತಿಳಿಯದಾಯಿತು. ಶಾಂತವಾಗಿದ್ದ ನಾಯಿ ಕಿರುಚಾಡತೊಡಗಿತು, ಮೊದಲು ಬರುತ್ತಿದ್ದ ಸುಲಭದ ಪಾಠವೂ ತಪ್ಪಿತು.

1924ರಲ್ಲಿ ಲೆನಿನ್‌ಗ್ರಾಡ್‌ಗೆ ಪ್ರವಾಹ ನುಗ್ಗಿತು. ಗೂಡುಗಳಲ್ಲಿ ನೀರು ಏರಿ ನಾಯಿಗಳು ಈಜುತ್ತಿದ್ದವು. ಸಿಬ್ಬಂದಿ ಕಷ್ಟಪಟ್ಟು ಅವನ್ನು ಹೊರತಂದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತದ್ದನ್ನೇ ಕಳೆದುಕೊಂಡಿದ್ದವು. ಭಯ ಪಾಠವನ್ನೇ ಅಳಿಸಿಹಾಕಿತ್ತು.

ಈ ವಿಜ್ಞಾನಕ್ಕೆ ನಾಯಿಗಳು ತೆತ್ತ ಬೆಲೆ ದೊಡ್ಡದು. ಹಲವು ಸತ್ತವು. ಆ ಋಣದ ಗುರುತಾಗಿ ಪಾವ್ಲೊವ್ ಆಸೆಯಂತೆ 1935ರಲ್ಲಿ ಸಂಸ್ಥೆಯ ಅಂಗಳದಲ್ಲಿ ನಾಯಿಯ ಸ್ಮಾರಕ ನಿಂತಿತು. ಮರುವರ್ಷ ಫೆಬ್ರವರಿಯಲ್ಲಿ, 86ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಅವರು ತೀರಿಕೊಂಡರು.

ನಮ್ಮ ಮನೆಯ ನಾಯಿಗೆ ಇದರಿಂದೇನು?

ಒಂದು ಮಾತು ಸ್ಪಷ್ಟವಿರಲಿ. ಜೊಲ್ಲು ತಾನಾಗಿ ಬರುವಂಥದ್ದು, ಕೂರುವುದು ನಾಯಿಯೇ ಮಾಡುವ ಕೆಲಸ. ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ತೋರಿಸಿದವರು ಅಮೆರಿಕದ ಥಾರ್ನ್‌ಡೈಕ್. ನಾಯಿಗೆ ಕಲಿಸುವಾಗ ಎರಡೂ ಬೇಕು.

• ಬಿಸ್ಕತ್ತಿನ ಚೂರನ್ನು ನಾಯಿಯ ಮೂಗಿನ ಬಳಿ ಹಿಡಿದು ನಿಧಾನಕ್ಕೆ ತಲೆಯ ಹಿಂದಕ್ಕೆ ಒಯ್ಯಿರಿ. ನಾಯಿ ತಾನಾಗಿ ಕೂರುತ್ತದೆ. ಕೂತ ತಕ್ಷಣ ‘ಶಭಾಷ್’ ಎಂದು ಚೂರು ಕೊಡಿ. ತಡ ಮಾಡಿದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು.
• ಕೂರುವುದು ರೂಢಿಯಾದ ಮೇಲೆ, ಕೈ ಆಡಿಸುವ ಮುಂಚೆ ‘ಕೂತ್ಕೋ’ ಅನ್ನಿ. ಮನೆಯವರೆಲ್ಲ ಅದೇ ಪದ ಬಳಸಿ. ಒಬ್ಬರು ‘ಕೂತ್ಕೋ’, ಇನ್ನೊಬ್ಬರು ‘ಸಿಟ್’ ಅಂದರೆ ಗೊಂದಲ.
• ಕೆಲವೇ ನಿಮಿಷ ಕಲಿಸಿ, ಸುಲಭದ್ದರಲ್ಲಿ ಮುಗಿಸಿ. ‘ಶೇಕ್ ಹ್ಯಾಂಡ್’ ಆಮೇಲೆ.
• ‘ಬಾ’ ಎಂದು ಕರೆದು ಎಂದೂ ಹೊಡೆಯಬೇಡಿ. ಹೊಡೆದರೆ ‘ಬಾ’ ಎಂಬ ಪದವೇ ಪೆಟ್ಟಿನ ಸಂಕೇತವಾಗುತ್ತದೆ, ಮುಂದಿನ ಸಲ ನಾಯಿ ದೂರ ಓಡುತ್ತದೆ.

ಒಟ್ಟಿನಲ್ಲಿ, ಪಾವ್ಲೊವ್ ನೊಬೆಲ್ ಗೆದ್ದದ್ದು ಗಂಟೆ ಬಾರಿಸಿ ಎನ್ನುವುದು ತಪ್ಪು. ಹೊಡೆದರೆ ಮಾತ್ರ ನಾಯಿ ಮಾತು ಕೇಳುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ನಾಯಿ ಸಾಕಿದವರಿಗೆ ಇದನ್ನು ತಿಳಿಸಿ.