ನಿಯಮಗಳ ನಿರ್ಮಾಪಕ ಹೆರಾಲ್ಡ್ ವ್ಯಾಂಡರ್‌ಬಿಲ್ಟ್

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಜೂಜಿನಲ್ಲಿ ರಾಜ್ಯಕೋಶಗಳನ್ನು ಕಳೆದುಕೊಂಡ ಧರ್ಮರಾಯನ ಕಥೆಯನ್ನು ಕೇಳುತ್ತ ಬೆಳೆದ ನಾಡಿನಲ್ಲಿ ಆ ಅಂಜಿಕೆ ಸಹಜವಾದುದೇ. ಆದರೆ ಅದೇ ಐವತ್ತೆರಡು ಎಲೆಗಳಿಂದ ಪಣವಿಲ್ಲದೆ, ಬುದ್ಧಿಬಲವನ್ನೇ ನಂಬಿ ಆಡುವ ಬ್ರಿಜ್ ಎಂಬ ಆಟವೂ ಇದೆ. ಸ್ಪರ್ಧೆಗಳಲ್ಲಿ ಒಂದೇ ಬಗೆಯಾಗಿ ಹಂಚಿದ ಎಲೆಗಳನ್ನು ಬೇರೆ ಬೇರೆ ಮೇಜುಗಳಲ್ಲಿ ಆಡಿಸಿ ಹೋಲಿಸುವುದರಿಂದ ಅದೃಷ್ಟದ ಪಾಲು ಬಹುಮಟ್ಟಿಗೆ ಕಡಮೆಯಾಗುತ್ತದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜೋಡಿಯೊಂದು ಈ ಆಟದಲ್ಲಿ ಚಿನ್ನದ ಪದಕವನ್ನು ಗಳಿಸಿತು. ಬ್ರಿಜ್‌ಗೆ ಇಂದಿನ ರೂಪವನ್ನು ಕೊಟ್ಟವರು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟರು.

ಅವರು 1884ನೆಯ ಇಸವಿಯ ಜುಲೈ 6ರಂದು ನ್ಯೂಯಾರ್ಕ್ ಪ್ರಾಂತದ ಓಕ್‌ಡೇಲ್ ಎಂಬಲ್ಲಿ ಜನಿಸಿದರು. ದೋಣಿಯಲ್ಲಿ ಜನರನ್ನು ದಾಟಿಸುವ ಕಾಯಕದಿಂದ ತೊಡಗಿ ಹಡಗು, ರೈಲುಗಳ ಒಡೆಯನಾಗಿ ಅಪಾರ ಸಂಪತ್ತನ್ನು ಕೂಡಿಸಿದ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಅವರ ಮುತ್ತಜ್ಜ. ಸಿರಿತನಕ್ಕೆ ಕೊರತೆಯಿರಲಿಲ್ಲ, ಮನೆಯಲ್ಲಿ ನೆಮ್ಮದಿ ಮಾತ್ರ ಕಡಮೆಯಿತ್ತು. 1895ರಲ್ಲಿ, ಬಾಲಕನಿಗೆ ಹತ್ತು ವರ್ಷವಾಗಿದ್ದಾಗ, ತಂದೆತಾಯಿಗಳು ವಿವಾಹವಿಚ್ಛೇದನ ಪಡೆದರು. ಹಾರ್ವರ್ಡಿನಲ್ಲಿ 1907ರಲ್ಲಿ ಪದವಿ ಪಡೆದು, ಮೂರು ವರ್ಷ ನ್ಯಾಯಶಾಸ್ತ್ರವನ್ನು ಓದಿ, ಮನೆತನದ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯನ್ನು ಹೆರಾಲ್ಡರು ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳದ ಲೆಫ್ಟಿನೆಂಟರಾಗಿ ದುಡಿದರು. ನ್ಯಾಯಶಾಸ್ತ್ರದ ಓದು ವಕೀಲಿಗೆ ಬಳಕೆಯಾಗಲಿಲ್ಲ. ಅದು ಫಲಿಸಿದ್ದು ಬೇರೆ ಕಡೆ.

1925ರ ಅಕ್ಟೋಬರ್ 31ರಂದು 'ಫಿನ್ಲೆಂಡ್' ಎಂಬ ಹಡಗು ಪನಾಮಾ ಕಾಲುವೆಯ ಬಳಿಯ ಬಲ್ಬೋವಾ ಬಂದರನ್ನು ಮುಟ್ಟಿತು. ಹೊತ್ತು ಮೀರಿದ್ದರಿಂದ ಮುಂದೆ ಸಾಗುವಂತಿರಲಿಲ್ಲ, ದಡಕ್ಕಿಳಿಯುವಂತೆಯೂ ಇರಲಿಲ್ಲ. ವ್ಯಾಂಡರ್‌ಬಿಲ್ಟರು ಮೂವರು ಗೆಳೆಯರೊಡನೆ ಎಲೆಗಳ ಮುಂದೆ ಕುಳಿತರು. ಆಟಕ್ಕೆ ಸೇರಿಕೊಂಡ ಸಹಪ್ರಯಾಣಿಕೆಯೊಬ್ಬಳು ತಾನು ಚೀನಾದಲ್ಲಿ ಆಡಿದ್ದ ಆಟವೊಂದರ ವಿಚಿತ್ರ ನಿಯಮಗಳನ್ನು ಸೂಚಿಸುತ್ತ ಹೋದಳಂತೆ. ಬೇಸತ್ತ ವ್ಯಾಂಡರ್‌ಬಿಲ್ಟರು ಮರುದಿನ ಹಡಗು ಕಾಲುವೆಯನ್ನು ದಾಟುತ್ತಿದ್ದಾಗ ತಾವೇ ಅಂಕಗಳ ಹೊಸ ಪಟ್ಟಿಯೊಂದನ್ನು ಬರೆದು ಮುಗಿಸಿದರು. ಆ ರಾತ್ರಿಯೇ ಅದರಂತೆ ಆಟ ನಡೆಯಿತು.

ಅದರಲ್ಲಿ ಹೊಸತೇನಿತ್ತೆಂಬುದನ್ನು ಕೊಂಚ ಬಿಡಿಸಿ ನೋಡಬೇಕು. ಬ್ರಿಜ್‌ನಲ್ಲಿ ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆಗಳು. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು 'ಕೈ'. ಯಾವ ಜಾತಿ ತುರುಫು, ಎಷ್ಟು ಕೈಗಳನ್ನು ಗೆಲ್ಲುವೆವು ಎಂಬುದನ್ನು ಮೊದಲೇ ಹರಾಜಿನಂತೆ ಕೂಗಬೇಕು. ಆಗ ಬಳಕೆಯಲ್ಲಿದ್ದ ಆಕ್ಷನ್ ಬ್ರಿಜ್‌ನಲ್ಲಿ ಅಳುಕುತ್ತ ಸಣ್ಣದಾಗಿ ಕೂಗಿದವನೂ ಹೆಚ್ಚು ಕೈಗಳನ್ನು ಗೆದ್ದರೆ ಅವೆಲ್ಲ ಪಂದ್ಯದ ಲೆಕ್ಕಕ್ಕೆ ಸೇರುತ್ತಿದ್ದವು. ಕೂಗಿದಷ್ಟೇ ಲೆಕ್ಕಕ್ಕೆ ಬರಬೇಕೆಂಬ ಕಟ್ಟು ಫ್ರಾನ್ಸಿನ ಪ್ಲಾಫೋಂ ಎಂಬ ಆಟದಲ್ಲಿತ್ತು. ವ್ಯಾಂಡರ್‌ಬಿಲ್ಟರು ಅದನ್ನು ಉಳಿಸಿಕೊಂಡು, ಹನ್ನೆರಡು ಅಥವಾ ಹದಿಮೂರು ಕೈಗಳನ್ನು ಮುಂಚಿತವಾಗಿಯೇ ಕೂಗಿ ಗೆಲ್ಲುವವರಿಗೆ ದೊಡ್ಡ ಬಹುಮಾನವನ್ನಿಟ್ಟರು. ಒಂದು ಪಂದ್ಯ ಗೆದ್ದು ಮುಂದಿರುವ ಜೋಡಿ ಕೂಗಿದ್ದನ್ನು ಸಾಧಿಸದಿದ್ದರೆ ಹೆಚ್ಚಿನ ದಂಡವನ್ನು ವಿಧಿಸಿದರು. ಇಂತಹ ಜೋಡಿಗೆ ಹೆಸರು ಸಿಗದೆ ತಡಕಾಡುತ್ತಿದ್ದಾಗ ಹಡಗಿನಲ್ಲಿದ್ದ ಯುವತಿಯೊಬ್ಬಳು 'ವಲ್ನರಬಲ್' ಎಂಬ ಪದವನ್ನು ಸೂಚಿಸಿದಳು. ಪೆಟ್ಟಿಗೆ ಗುರಿಯಾಗಬಲ್ಲವರು ಎಂದು ಅದರ ಅರ್ಥ.

ಈ ಕಾಂಟ್ರ್ಯಾಕ್ಟ್ ಬ್ರಿಜ್‌ನಿಂದ ಹಣ ಗಳಿಸಿದವರು ಬೇರೆಯವರು. ಈಲೈ ಕಲ್ಬರ್ಟ್‌ಸನ್ನರು ಪುಸ್ತಕ, ಪತ್ರಿಕೆ, ಪ್ರಚಾರಗಳಿಂದ ಧನಿಕರೇ ಆದರು. ವ್ಯಾಂಡರ್‌ಬಿಲ್ಟರಾದರೋ ತಮ್ಮ ಪಟ್ಟಿಯ ಬೆರಳಚ್ಚು ಪ್ರತಿಗಳನ್ನು ಕೆಲವು ಗೆಳೆಯರಿಗೆ ಕೊಟ್ಟು ಸುಮ್ಮನಾದರು. ಎರಡು ಮೂರು ವರ್ಷಗಳಲ್ಲಿ ಹಳೆಯ ಆಟ ಮೂಲೆಗೆ ಸರಿಯಿತು. ಹಣದ ಹಂಗಿಲ್ಲದವರಿಗೆ ಈ ಔದಾರ್ಯ ಸುಲಭವೆನ್ನಬಹುದು. ಆದರೆ ಮುಂದಿನ ನಾಲ್ಕು ದಶಕಗಳ ದುಡಿಮೆಯನ್ನು ಹಾಗೆನ್ನಲಾಗದು. 1928ರಲ್ಲಿ ತಂಡಗಳ ಸ್ಪರ್ಧೆಗೆಂದು ವ್ಯಾಂಡರ್‌ಬಿಲ್ಟ್ ಕಪ್ಪನ್ನು ನೀಡಿದರು. 1932 ಮತ್ತು 1940ರಲ್ಲಿ ಅದನ್ನು ಗೆದ್ದ ತಂಡಗಳಲ್ಲಿ ತಾವೂ ಇದ್ದರು. ಕೈಯಲ್ಲಿ ಬಲವಾದ ಎಲೆಗಳಿವೆಯೆಂದು ಜೊತೆಗಾರನಿಗೆ ತಿಳಿಸಲು 'ಒಂದು ಕಳಾವರ್' ಎಂದು ಕೂಗುವ ಪದ್ಧತಿ ಅವರದೇ. ಬಹುಜನ ಅದನ್ನು ಆಗ ಕಡೆಗಣಿಸಿದರೂ, ಮುಂದೆ ಜಗತ್ತನ್ನು ಗೆದ್ದ ಇಟಲಿಯ ಆಟಗಾರರು ಅಂತಹ ಪದ್ಧತಿಗಳನ್ನೇ ಹಿಡಿದರು. ಆಟದ ಕಾನೂನುಗಳನ್ನು ರೂಪಿಸುವ, ತಿದ್ದುವ ಸಮಿತಿಗಳಲ್ಲಿ ಮುಂದಾಳಾಗಿ, ಸಂಬಳವಿಲ್ಲದೆ, 1963ರ ಪರಿಷ್ಕರಣದವರೆಗೂ ಅವರು ಶ್ರಮಿಸಿದರು.

ಇದೇ ವ್ಯಕ್ತಿ ಹಾಯಿನೌಕೆಯ ಪಂದ್ಯಗಳಲ್ಲಿಯೂ ಅಗ್ರಗಣ್ಯರು. ಅಮೆರಿಕಾಸ್ ಕಪ್ಪನ್ನು ಅವರು 1930ರಲ್ಲಿ 'ಎಂಟರ್‌ಪ್ರೈಸ್', 1934ರಲ್ಲಿ 'ರೇನ್‌ಬೋ', 1937ರಲ್ಲಿ 'ರೇಂಜರ್' ನೌಕೆಗಳಿಂದ ಉಳಿಸಿಕೊಂಡರು. 1934ರ ಸ್ಪರ್ಧೆ ಕಠಿನವಾಗಿತ್ತು. ಇಂಗ್ಲೆಂಡಿನ ಸಾಪ್‌ವಿತ್ತರ 'ಎಂಡೆವರ್' ಮೊದಲೆರಡು ಓಟಗಳನ್ನು ಗೆದ್ದು, ಮೂರನೆಯದರಲ್ಲಿಯೂ ಬಹುದೂರ ಮುಂದಿತ್ತು. ಆಗ ವ್ಯಾಂಡರ್‌ಬಿಲ್ಟರು ಚುಕ್ಕಾಣಿಯನ್ನು ಷರ್ಮನ್ ಹಾಯ್ಟ್ ಎಂಬ ಸಹಚರರ ಕೈಗಿತ್ತು ಕೆಳಗಿಳಿದರು. ಹಾಯ್ಟರು ಬೇಕೆಂದೇ ನೌಕೆಯ ದಿಕ್ಕನ್ನು ಬದಲಿಸಿದರು. ಸಾಪ್‌ವಿತ್ತರು ಅಡ್ಡಗಟ್ಟಲು ಹೋಗಿ ಗಾಳಿಯ ಅನುಕೂಲವನ್ನು ಕಳೆದುಕೊಂಡರು. ತನಗಿಂತ ಈ ಗಳಿಗೆಗೆ ಮತ್ತೊಬ್ಬನ ಕೈ ಮೇಲೆಂದು ಒಪ್ಪುವುದು ನಾಯಕರೆಲ್ಲರಿಂದ ಆಗುವ ಕೆಲಸವಲ್ಲ. ನಾಲ್ಕನೆಯ ಓಟದಲ್ಲಿ 'ರೇನ್‌ಬೋ' ನಿಯಮ ಮೀರಿತೆಂದು ಸಾಪ್‌ವಿತ್ತರು ದೂರಿದರು. ಪ್ರತಿಭಟನೆಯ ಬಾವುಟವನ್ನು ಕೂಡಲೇ ಏರಿಸಲಿಲ್ಲವೆಂಬ ಕಾರಣಕ್ಕೆ ಸಮಿತಿ ಅದನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ವ್ಯಾಂಡರ್‌ಬಿಲ್ಟರು 4–2ರಿಂದ ಗೆದ್ದರು; ಆದರೆ ಆ ಗೆಲವಿಗೆ ಒಂದು ಮಸುಕು ಅಂಟಿಕೊಂಡಿತು. ಎದುರಾದ ಎರಡು ನೌಕೆಗಳಲ್ಲಿ ಯಾವುದು ದಾರಿ ಬಿಡಬೇಕೆಂಬ ನಿಯಮಗಳನ್ನು ಅವರು ಮುಂದೆ ಹೊಸತಾಗಿ ಬರೆಯಲು ಆ ವಿವಾದವೂ ಪ್ರೇರಣೆಯಾಗಿದ್ದೀತೆಂದು ನನ್ನ ಊಹೆ. ಆ ನಿಯಮಗಳು 1960ರಲ್ಲಿ ಅಂತರರಾಷ್ಟ್ರೀಯ ಕಟ್ಟಳೆಗೆ ಬುನಾದಿಯಾದವು.

ರೈಲ್ವೆಯ ವ್ಯವಹಾರದಲ್ಲಿ ಅಂತ್ಯ ಸುಖಕರವಾಗಲಿಲ್ಲ. 1954ರಲ್ಲಿ ಷೇರುದಾರರ ಮತಗಳಿಗಾಗಿ ನಡೆದ ಹೋರಾಟದಲ್ಲಿ ರಾಬರ್ಟ್ ಯಂಗ್ ಎಂಬ ಉದ್ಯಮಿ ಗೆದ್ದು, ಮನೆತನದ ಹಿಡಿತ ಕೊನೆಗೊಂಡಿತು. ಮರುವರ್ಷವೇ ಅವರು ಮುತ್ತಜ್ಜನ ಕೊಡುಗೆಯಿಂದ ಸ್ಥಾಪಿತವಾದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿ 1968ರವರೆಗೆ ದುಡಿದರು.

1960ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ರಾಷ್ಟ್ರಗಳ ತಂಡಗಳಿಗಾಗಿ ಮೊದಲ ಬ್ರಿಜ್ ಒಲಿಂಪಿಯಾಡ್ ನಡೆದಾಗ ಅದರ ಪಾರಿತೋಷಕವನ್ನು ಕೊಟ್ಟವರೂ ಅವರೇ. 1970ರ ಜುಲೈ 4ರಂದು, ಎಂಬತ್ತಾರು ತುಂಬಲು ಎರಡೇ ದಿನಗಳಿದ್ದಾಗ, ನ್ಯೂಪೋರ್ಟಿನಲ್ಲಿ ವ್ಯಾಂಡರ್‌ಬಿಲ್ಟರು ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. 'ವಲ್ನರಬಲ್' ಎಂಬ ಪದ ಇಂದಿಗೂ ಪ್ರತಿಯೊಂದು ಬ್ರಿಜ್ ಮೇಜಿನ ಸುತ್ತ ಕೇಳಿಬರುತ್ತದೆ. ಅದನ್ನು ಕೊಟ್ಟ ಯುವತಿಯ ಹೆಸರು ಮಾತ್ರ ವ್ಯಾಂಡರ್‌ಬಿಲ್ಟರಿಗಾಗಲಿ ಅವರ ಮೂವರು ಗೆಳೆಯರಿಗಾಗಲಿ ಕೊನೆಗೂ ನೆನಪಾಗಲಿಲ್ಲ.